180ರ ಗೆರೆ

ಅಂಟಾರ್ಕ್ಟಿಕಾದ ಅಂಚಿನಲ್ಲಿ ಬ್ರಂಟ್ ಎಂಬ ದೈತ್ಯ ಹಿಮಹಾಸು ಸಮುದ್ರದ ಮೇಲೆ ತೇಲಿಕೊಂಡಿದೆ. 1956ರಲ್ಲಿ ಬ್ರಿಟಿಷರು ಅದರ ಮೇಲೆ ಹ್ಯಾಲಿ ಬೇ ಎಂಬ ವೀಕ್ಷಣಾ ಕೇಂದ್ರ ಕಟ್ಟಿದರು. ಮರುವರ್ಷ ‘ಅಂತಾರಾಷ್ಟ್ರೀಯ ಭೂಭೌತ ವರ್ಷ’ ಶುರುವಾಗುವುದಿತ್ತು. ನೆಲ, ಕಡಲು, ಗಾಳಿ, ಆಕಾಶ ಯಾವುದನ್ನೂ ಬಿಡದೆ ಅಳೆಯಬೇಕೆಂಬ ಹುರುಪು ಅನೇಕ ದೇಶಗಳಿಗೆ ಬಂದಿದ್ದ ಕಾಲ ಅದು. ಹ್ಯಾಲಿಗೆ ಹಡಗಿನಲ್ಲಿ ಹೋದ ಸಾಮಾನುಗಳ ನಡುವೆ ಹೆಚ್ಚುಕಡಿಮೆ ಒಂದೂವರೆ ಮೀಟರ್ ಉದ್ದದ ಲೋಹದ ಪೆಟ್ಟಿಗೆಯಂಥ ಒಂದು ಉಪಕರಣವೂ ಇತ್ತು. ಆಕ್ಸ್‌ಫರ್ಡಿನ ಗಾರ್ಡನ್ ಡಾಬ್ಸನ್ 1920ರ ದಶಕದಲ್ಲಿ ರೂಪಿಸಿದ ಓಝೋನ್ ಮಾಪಕ.

ಅದು ಓಝೋನನ್ನು ಅಳೆಯುವ ಬಗೆಯನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಪೆಟ್ಟಿಗೆಯ ಮೇಲ್ಗಡೆಯ ಕಿಂಡಿಯಿಂದ ಬಿಸಿಲು ಒಳಗೆ ಬರುತ್ತದೆ. ಒಳಗಿನ ಪಟ್ಟಕಗಳು ಅದನ್ನು ಒಡೆದು, ಅತಿನೇರಳೆ ಕಿರಣಗಳ ಎರಡು ತರಂಗಾಂತರಗಳನ್ನು ಮಾತ್ರ ಆರಿಸಿಕೊಳ್ಳುತ್ತವೆ. ಒಂದನ್ನು ಓಝೋನ್ ಚೆನ್ನಾಗಿ ಹೀರುತ್ತದೆ, ಇನ್ನೊಂದನ್ನು ಅಷ್ಟಾಗಿ ಹೀರುವುದಿಲ್ಲ. ಹಾಗಾಗಿ ಎರಡನೆಯದು ಹೆಚ್ಚು ಪ್ರಖರವಾಗಿ ನೆಲ ಮುಟ್ಟುತ್ತದೆ. ಉಪಕರಣದ ಮುಂದೆ ಕೂತವರು ಒಂದು ಡಯಲ್ ತಿರುಗಿಸುತ್ತಾ ಆ ಪ್ರಖರ ಕಿರಣವನ್ನು ಮಂದ ಮಾಡುತ್ತಾ ಹೋಗುತ್ತಾರೆ. ಎರಡೂ ಸರಿಸಮವಾದ ಕ್ಷಣ ಮುಳ್ಳು ಸೊನ್ನೆಗೆ ಬಂದು ನಿಲ್ಲುತ್ತದೆ. ಆಗ ಡಯಲ್ ಎಷ್ಟು ಡಿಗ್ರಿ ತೋರಿಸುತ್ತಿದೆ ನೋಡಿ, ಗಂಟೆ ನಿಮಿಷದ ಸಮೇತ ಹಾಳೆಯಲ್ಲಿ ಬರೆಯುತ್ತಾರೆ.

ಅಂದರೆ ಹಾಳೆಗೆ ಬಿದ್ದ ಅಂಕಿ ಓಝೋನಿನದ್ದಲ್ಲ, ಡಯಲ್ಲಿನದ್ದು. ಅದನ್ನು ಓಝೋನಿಗೆ ಮುಟ್ಟಿಸಬೇಕಾದರೆ ಆ ಗಳಿಗೆಯಲ್ಲಿ ಸೂರ್ಯ ಎಷ್ಟು ಎತ್ತರದಲ್ಲಿದ್ದ, ಬಳಸಿದ್ದು ಯಾವ ತರಂಗಾಂತರದ ಜೋಡಿ, ನೋಡಿದ್ದು ನೇರ ಬಿಸಿಲನ್ನೋ ನೆತ್ತಿಯ ಮೇಲಿನ ಆಕಾಶವನ್ನೋ, ಮೋಡವಿತ್ತೋ ಇಲ್ಲವೋ, ಈ ನಿರ್ದಿಷ್ಟ ಉಪಕರಣದ ಡಯಲ್ಲಿಗೆ ಯಾವ ಕೋಷ್ಟಕ ಹೊಂದುತ್ತದೆ ಎಂಬುದೆಲ್ಲ ಗೊತ್ತಿರಬೇಕು. ಇವುಗಳಲ್ಲಿ ಒಂದು ಕಳೆದುಹೋದರೂ ಹಾಳೆಯ ಅಂಕಿ ಬರಿಯ ಅಂಕಿ. ದತ್ತಾಂಶ ಎಂದರೆ ಇಷ್ಟು ಬಡಪಾಯಿ ವಸ್ತು. ತನ್ನ ಬಗ್ಗೆ ತಾನೇ ಏನನ್ನೂ ಹೇಳಿಕೊಳ್ಳಲು ಅದಕ್ಕೆ ಬರುವುದಿಲ್ಲ.

ಲೆಕ್ಕವೆಲ್ಲ ಮುಗಿದ ಮೇಲೆ ಸಿಗುವ ಸಂಖ್ಯೆಯನ್ನು ಡಾಬ್ಸನ್ ಯೂನಿಟ್‌ಗಳಲ್ಲಿ ಹೇಳುತ್ತಾರೆ. ನಮ್ಮ ತಲೆಯ ಮೇಲಿನ ಇಡೀ ವಾಯುಮಂಡಲದ ಓಝೋನನ್ನು ನೆಲಮಟ್ಟಕ್ಕೆ ಇಳಿಸಿ, ಸೊನ್ನೆ ಡಿಗ್ರಿ ಉಷ್ಣತೆಯಲ್ಲಿ ಹರಡಿದರೆ ಎಷ್ಟು ದಪ್ಪದ ಪದರವಾಗುತ್ತದೆ ಎಂಬುದೇ ಅಳತೆ. 100 ಯೂನಿಟ್ ಎಂದರೆ ಒಂದು ಮಿಲಿಮೀಟರ್. ಭೂಮಿಯ ಬಹುತೇಕ ಕಡೆ 300ರ ಆಸುಪಾಸು ಇರುತ್ತದೆ. ಬಿಸಿಲಿನ ಅಪಾಯಕಾರಿ ಭಾಗದಿಂದ ಜೀವಕೋಟಿಯನ್ನು ಕಾಯುತ್ತಿರುವುದು ಮೂರು ಮಿಲಿಮೀಟರ್ ದಪ್ಪದ ಅನಿಲ, ಅಷ್ಟೇ.

ಹ್ಯಾಲಿಯಲ್ಲಿ ಚಳಿಗಾಲದ ಮೂರು ತಿಂಗಳಿಗೂ ಹೆಚ್ಚು ಕಾಲ ಸೂರ್ಯ ಹುಟ್ಟುವುದೇ ಇಲ್ಲ. ಆಗಸ್ಟ್‌ನಲ್ಲಿ ಅವನು ಮತ್ತೆ ದಿಗಂತದ ಮೇಲೆ ಇಣುಕಿದಾಗ ಡಯಲ್ ತಿರುಗಿಸುವ ಕೆಲಸ ಪುನಃ ಶುರು. ಮಾಡುವವರು ಬದಲಾಗುತ್ತಿದ್ದರು, ಕೆಲಸ ಬದಲಾಗುತ್ತಿರಲಿಲ್ಲ. ತುಂಬಿದ ಹಾಳೆಗಳು ವರ್ಷಕ್ಕೊಮ್ಮೆ ಬರುವ ಹಡಗಿನಲ್ಲಿ ಇಂಗ್ಲೆಂಡಿಗೆ ಹೋಗುತ್ತಿದ್ದವು. ಹೋದವುಗಳಲ್ಲಿ ಎಷ್ಟೋ ಹಾಳೆಗಳು ಸರದಿಯಲ್ಲಿ ಕಾಯುತ್ತ ಬಿದ್ದಿದ್ದವು.

*

1977ರಲ್ಲಿ ಕೇಂಬ್ರಿಜ್‌ನ ಬ್ರಿಟಿಷ್ ಅಂಟಾರ್ಕ್ಟಿಕ್ ಸರ್ವೆಯಲ್ಲಿ ಜೊನಾಥನ್ ಶಾಂಕ್ಲಿನ್ ಎಂಬ ತರುಣ ಕೆಲಸಕ್ಕೆ ಸೇರಿದರು. ಅವರ ಪಾಲಿಗೆ ಬಂದದ್ದು ಯಾರೂ ಆಸೆಪಟ್ಟು ಕೇಳಿ ಪಡೆಯುವಂಥ ಕೆಲಸವಲ್ಲ. ಬಾಕಿ ಬಿದ್ದ ಓಝೋನ್ ಹಾಳೆಗಳನ್ನು ಕಂಪ್ಯೂಟರಿಗೆ ಏರಿಸಬೇಕು, ಡಯಲ್ಲಿನ ಅಂಕಿಯಿಂದ ಓಝೋನಿನ ಅಂಕಿ ತೆಗೆಯುವ ಪ್ರೋಗ್ರಾಂ ಬರೆಯಬೇಕು.

ಆ ಹೊತ್ತಿಗೆ ಓಝೋನ್ ಎಂಬ ಹೆಸರು ಪತ್ರಿಕೆಗಳಿಗೆ ಬಂದಿತ್ತು. ಫ್ರಿಜ್‌ಗಳಲ್ಲಿ, ಸುಗಂಧ ಸಿಂಪಡಿಸುವ ಡಬ್ಬಿಗಳಲ್ಲಿ ಬಳಕೆಯಲ್ಲಿದ್ದ ಕ್ಲೋರೋಫ್ಲೋರೋಕಾರ್ಬನ್ (ಸಿಎಫ್‌ಸಿ) ಅನಿಲಗಳು ಮೇಲೇರಿ ಒಡೆದು ಓಝೋನನ್ನು ತಿನ್ನಬಲ್ಲವು ಎಂದು ಮಾರಿಯೋ ಮೊಲಿನಾ ಮತ್ತು ಶೆರ್ವುಡ್ ರೋಲಂಡ್ 1974ರಲ್ಲೇ ಬರೆದಿದ್ದರು. ಕಾಂಕಾರ್ಡ್ ವಿಮಾನದ ಹೊಗೆಯ ಬಗ್ಗೆಯೂ ಆತಂಕವಿತ್ತು. ಆದರೆ ಲೆಕ್ಕ ಹಾಕಿದವರ ಪ್ರಕಾರ ನಷ್ಟವೇನಿದ್ದರೂ ಬಹಳ ನಿಧಾನ. ನಲವತ್ತು ಕಿಲೋಮೀಟರ್ ಎತ್ತರದ ಸುತ್ತಮುತ್ತ, ಹಲವು ದಶಕಗಳಲ್ಲಿ, ಶೇಕಡಾ ಕೆಲವು ಪಾಲು ಕಡಿಮೆಯಾದೀತು. ದಕ್ಷಿಣ ಧ್ರುವದ ಮೇಲೆ, ಅದೂ ವಸಂತ ಋತುವಿನಲ್ಲಿ ವಿಶೇಷವಾಗಿ ಏನೋ ಆಗಲಿದೆ ಎಂದು ಯಾರೂ ಹೇಳಿರಲಿಲ್ಲ.

1983ರಲ್ಲಿ ಸಂಸ್ಥೆ ಸಾರ್ವಜನಿಕರಿಗಾಗಿ ಬಾಗಿಲು ತೆರೆದು ತನ್ನ ಕೆಲಸ ತೋರಿಸುವ ಕಾರ್ಯಕ್ರಮವಿತ್ತು. ಬಂದವರಿಗೆ ಧೈರ್ಯ ಹೇಳೋಣ ಎಂದುಕೊಂಡ ಶಾಂಕ್ಲಿನ್ ಈಚಿನ ಓಝೋನ್ ಅಂಕಿಗಳನ್ನೂ ಹಳೆಯ ಅಂಕಿಗಳನ್ನೂ ಒಂದೇ ಹಾಳೆಯ ಮೇಲೆ ಬಿಡಿಸಹೊರಟರು. ಎರಡೂ ಒಂದೇ ತರಹ ಇವೆ, ನೀವು ಹೆದರಬೇಕಾಗಿಲ್ಲ ಎನ್ನುವುದು ಭಿತ್ತಿಚಿತ್ರದ ಉದ್ದೇಶ. ವಸಂತದ ತಿಂಗಳುಗಳಲ್ಲಿ ಎರಡು ಗೆರೆಗಳು ಒಂದರ ಮೇಲೊಂದು ಕೂರಲೇ ಇಲ್ಲ. ಹೊಸ ಗೆರೆ ಕೆಳಗೆ ಜಾರಿತ್ತು. (ನಮ್ಮಲ್ಲಿ ವಸಂತವೆಂದರೆ ಯುಗಾದಿ, ಅಲ್ಲಿ ಸೆಪ್ಟೆಂಬರ್, ಅಕ್ಟೋಬರ್.)

ಇಲ್ಲಿ ಹೊಸದಾಗಿ ಒಂದು ಅಂಕಿಯನ್ನೂ ಯಾರೂ ಅಳೆದಿರಲಿಲ್ಲ ಎಂಬುದನ್ನು ಗಮನಿಸಬೇಕು. ಎಲ್ಲ ಅಂಕಿಗಳೂ ಮೊದಲೇ ಇದ್ದವು. ಇರದಿದ್ದುದು ‘ಈಗಿನದು ಆಗಿನಂತೆಯೇ ಇದೆಯೇ?’ ಎಂಬ ಪ್ರಶ್ನೆ. ಶಾಂಕ್ಲಿನ್ ಆ ಪ್ರಶ್ನೆ ಕೇಳಿದ್ದು ‘ಹೌದು’ ಎಂಬ ಉತ್ತರದ ನಿರೀಕ್ಷೆಯಲ್ಲಿ. ದತ್ತಾಂಶ ಮಾಹಿತಿಯಾದದ್ದು ಆ ನಿರೀಕ್ಷೆ ಮುರಿದ ಜಾಗದಲ್ಲಿ.

ಅವರ ಹಿರಿಯ ಜೋ ಫಾರ್ಮನ್ ಮಾತ್ರ ಕೂಡಲೇ ಕುಣಿದಾಡಲಿಲ್ಲ. ಅಲ್ಲಿನ ವಸಂತ ಚಂಚಲ, ಒಂದು ವರ್ಷ ಇಳಿದದ್ದು ಮರುವರ್ಷ ಏರಬಹುದು. ಉಪಕರಣವೂ ಹಳೆಯದು. ಹೊಸ ಡಾಬ್ಸನ್ ಮಾಪಕವನ್ನು ಹ್ಯಾಲಿಗೆ ಕಳುಹಿಸಿದರು. ಅದೂ ಅದನ್ನೇ ಹೇಳಿತು. ಸಾವಿರದ ಆರುನೂರು ಕಿಲೋಮೀಟರ್ ಆಚೆಗಿನ ಅರ್ಜೆಂಟೈನ್ ದ್ವೀಪಗಳಲ್ಲಿದ್ದ ಇನ್ನೊಂದು ಕೇಂದ್ರದ ದಾಖಲೆ ತೆಗೆದು ನೋಡಿದರು. ಅಲ್ಲೂ ಇಳಿತವಿತ್ತು, ಪ್ರಮಾಣ ಮಾತ್ರ ಕಡಿಮೆ. ಅಷ್ಟಾದ ಮೇಲೆ ಫಾರ್ಮನ್, ಬ್ರಯನ್ ಗಾರ್ಡಿನರ್ ಮತ್ತು ಶಾಂಕ್ಲಿನ್ ಮೂವರ ಪ್ರಬಂಧ 1985ರ ಮೇ 16ರ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಒಂದು ಕಾಲಕ್ಕೆ 300ರ ಆಸುಪಾಸಿದ್ದ ಹ್ಯಾಲಿಯ ಅಕ್ಟೋಬರ್ ಸರಾಸರಿ 1984ರ ಹೊತ್ತಿಗೆ 200ಕ್ಕಿಂತ ಕೆಳಗೆ ಬಂದಿತ್ತು. ಮೂರು ಮಿಲಿಮೀಟರ್ ಪದರದಲ್ಲಿ ಒಂದು ಮಿಲಿಮೀಟರ್ ಮಾಯ.

*

ಪ್ರಬಂಧ ಓದಿದ ಅನೇಕರಿಗೆ ಮೊದಲು ಹೊಳೆದ ಪ್ರಶ್ನೆ ಒಂದೇ. ಹಿಮದ ನಡುವೆ ಡಯಲ್ ತಿರುಗಿಸುವವರಿಗೆ ಕಂಡದ್ದು ಆಕಾಶದಲ್ಲಿ ಸುತ್ತುತ್ತಿದ್ದ ನಾಸಾದ ಉಪಗ್ರಹಕ್ಕೆ ಯಾಕೆ ಕಾಣಲಿಲ್ಲ?

ನಿಂಬಸ್-7 ಉಪಗ್ರಹ 1978ರ ಅಕ್ಟೋಬರ್‌ನಲ್ಲೇ ಕಕ್ಷೆ ಸೇರಿತ್ತು. ಅದರಲ್ಲಿದ್ದ ಟಾಮ್ಸ್ ಎಂಬ ಉಪಕರಣ ದಿನಕ್ಕೆ ಒಂದು ಲಕ್ಷಕ್ಕೂ ಹೆಚ್ಚು ಅಳತೆಗಳನ್ನು ಕಳುಹಿಸುತ್ತಿತ್ತು. ಹ್ಯಾಲಿಯ ಹಾಳೆಗಳು ಇದರ ಮುಂದೆ ಲೆಕ್ಕಕ್ಕೇ ಇಲ್ಲ. ಇಷ್ಟೊಂದು ಅಂಕಿಗಳನ್ನು ಮನುಷ್ಯರು ಕೂತು ನೋಡುವುದು ಆಗದ ಮಾತು. ಪ್ರೋಗ್ರಾಮೇ ಮೊದಲು ಶೋಧಿಸಬೇಕು. 200ಕ್ಕಿಂತ ಕಡಿಮೆ ಓಝೋನನ್ನು ಅದುವರೆಗೆ ಯಾರೂ ವರದಿ ಮಾಡಿರಲಿಲ್ಲವಾದ್ದರಿಂದ, 180ಕ್ಕಿಂತ ಕೆಳಗೆ ಬರುವ ಅಂಕಿಗಳಿಗೆಲ್ಲ ‘ಇದು ಸಂಶಯಾಸ್ಪದ’ ಎಂದು ಗುರುತು ಹಾಕುವಂತೆ ಪ್ರೋಗ್ರಾಂ ಬರೆದಿದ್ದರು. ಗೆರೆ ಎಳೆದದ್ದರಲ್ಲಿ ತಪ್ಪೇನೂ ಇಲ್ಲ. ಉಪಕರಣಗಳು ಕೆಡುತ್ತವೆ, ಸಂಕೇತಗಳು ದಾರಿಯಲ್ಲಿ ಹಾಳಾಗುತ್ತವೆ, ಅಂಥ ಕಸ ಸರಾಸರಿಯೊಳಗೆ ಸೇರಬಾರದು.

ಈ ಕತೆಯನ್ನು ಹೇಳುವವರು ಸಾಮಾನ್ಯವಾಗಿ ‘ನಾಸಾದ ಕಂಪ್ಯೂಟರ್ ಓಝೋನ್ ರಂಧ್ರವನ್ನು ಕಸದ ಬುಟ್ಟಿಗೆ ಎಸೆದಿತ್ತು’ ಎಂದು ಮುಗಿಸಿಬಿಡುತ್ತಾರೆ. ಕತೆಗೆ ಅದು ಚೆನ್ನ, ಆದರೆ ನಡೆದದ್ದು ಹಾಗಲ್ಲ. ಗುರುತು ಬಿದ್ದ ಅಂಕಿಗಳು ಎಲ್ಲೂ ಹೋಗಿರಲಿಲ್ಲ, ಟೇಪಿನಲ್ಲೇ ಇದ್ದವು. 1984ರಲ್ಲಿ, ಹಿಂದಿನ ವರ್ಷದ ಅಕ್ಟೋಬರಿನ ಅಂಕಿಗಳನ್ನು ಪರಿಶೀಲಿಸುವಾಗ ಗುರುತು ಬಿದ್ದವುಗಳೆಲ್ಲ ಅಂಟಾರ್ಕ್ಟಿಕಾದ ಮೇಲೆಯೇ ಗುಂಪುಗೂಡಿವೆ ಎಂಬುದು ನಾಸಾದ ಗಾಡರ್ಡ್ ಕೇಂದ್ರದ ಓಝೋನ್ ತಂಡದ ಕಣ್ಣಿಗೆ ಬಿತ್ತು. ಕೆಟ್ಟ ಉಪಕರಣದ ತಪ್ಪುಗಳು ಹೀಗೆ ಒಂದೇ ಊರಿಗೆ ಹೋಗಿ ಕೂರುವುದಿಲ್ಲ, ಎಲ್ಲೆಂದರಲ್ಲಿ ಚೆಲ್ಲಾಡುತ್ತವೆ. ತಂಡಕ್ಕೆ ಅನುಮಾನ ಬಂತು. ನೆಲದ ಮೇಲಿನ ಸಾಕ್ಷಿ ಕೇಳೋಣವೆಂದು ದಕ್ಷಿಣ ಧ್ರುವದಲ್ಲೇ ಇರುವ ಅಮೆರಿಕದ ಅಮುಂಡ್ಸೆನ್–ಸ್ಕಾಟ್ ಕೇಂದ್ರದ ಡಾಬ್ಸನ್ ಮಾಪಕ ಆ ದಿನಗಳಲ್ಲಿ ಏನು ಹೇಳಿತ್ತು ನೋಡಿದರು.

ಅದು 300 ಎಂದಿತ್ತು.

ಸರಿಯಾದ, ಸೌಮ್ಯವಾದ, ಎಲ್ಲರೂ ನಿರೀಕ್ಷಿಸುವ 300. ಅದರ ಮುಂದೆ ಉಪಗ್ರಹದ ಮಾತನ್ನು ಯಾರು ನಂಬಬೇಕು? ತಂಡ ಮತ್ತಷ್ಟು ಪರೀಕ್ಷೆಗೆ ಕೂತಿತು. ತಂಡದಲ್ಲಿದ್ದ ಭಾರತ ಮೂಲದ ಪವನ್ ಭಾರ್ತಿಯಾ 1985ರ ಆಗಸ್ಟ್‌ನಲ್ಲಿ ಪ್ರಾಗ್ ನಗರದ ಸಮ್ಮೇಳನದಲ್ಲಿ ಉಪಗ್ರಹದ ಅಂಕಿಗಳಿಂದ ಮೂಡಿದ ಚಿತ್ರವನ್ನು ತೋರಿಸುವಷ್ಟರಲ್ಲಿ ಫಾರ್ಮನ್ ಅವರ ಪ್ರಬಂಧ ಹೊರಬಂದು ಮೂರು ತಿಂಗಳಾಗಿತ್ತು. ದಕ್ಷಿಣ ಧ್ರುವದ ಮಾಪಕವನ್ನು ತಪ್ಪು ತರಂಗಾಂತರಕ್ಕೆ ಇಟ್ಟು ಓದಿದ್ದರು ಎಂಬುದು ಆಮೇಲೆ ತಿಳಿಯಿತು. ಸಂಶಯದ ಗುರುತು ಬಿದ್ದ ಅಂಕಿಗಳೆಲ್ಲ ನಿಜ, ಯಾರಿಗೂ ಸಂಶಯ ಬಾರದ 300 ಸುಳ್ಳು!

*

ಮಾಹಿತಿಯನ್ನು ತೂಕಕ್ಕೆ ಹಾಕಲು ಮೊದಲು ಕಲಿಸಿದವರು ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿದ್ದ ಕ್ಲಾಡ್ ಶಾನನ್. ಟೆಲಿಫೋನ್ ತಂತಿಯಲ್ಲಿ ಎಷ್ಟು ಸಂದೇಶ ತೂರಿಸಬಹುದು ಎಂಬ ಎಂಜಿನಿಯರಿಂಗ್ ಪ್ರಶ್ನೆಗೆ 1948ರಲ್ಲಿ ಅವರು ಬರೆದ ಪ್ರಬಂಧದಲ್ಲಿ ಒಂದು ಸರಳ ವಿಚಾರವಿದೆ. ಒಂದು ಸಂದೇಶದಲ್ಲಿ ಎಷ್ಟು ಮಾಹಿತಿಯಿದೆ ಎಂಬುದು ಅದು ಎಷ್ಟು ಅನಿರೀಕ್ಷಿತ ಎಂಬುದರ ಮೇಲೆ ನಿಂತಿದೆ. ನಾಳೆ ಸೂರ್ಯ ಹುಟ್ಟುತ್ತಾನೆ ಎಂದು ಯಾರಾದರೂ ತಾರು ಕಳಿಸಿದರೆ ಅದರಲ್ಲಿರುವ ಮಾಹಿತಿ ಸೊನ್ನೆ, ಹಣ ದಂಡ. ಚಿಮ್ಮಿದ ನಾಣ್ಯ ಹೇಗೆ ಬಿತ್ತೆಂದು ಹೇಳಿದರೆ ಒಂದು ಬಿಟ್.

ನಮ್ಮ ಮಳೆಯ ಲೆಕ್ಕದಲ್ಲಿ ಇದನ್ನು ಹೇಳಬಹುದು. ಜುಲೈ ತಿಂಗಳ ಒಂದು ಬೆಳಿಗ್ಗೆ ಪತ್ರಿಕೆಯಲ್ಲಿ ‘ಆಗುಂಬೆ 110 ಮಿ.ಮೀ.’ ಎಂದು ಬಂದರೆ ಮಲೆನಾಡಿನವರು ಪುಟ ಮಗುಚುತ್ತಾರೆ. ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿನಷ್ಟು ಸುರಿಯುವ ಊರು ಅದು. ಅದೇ 110 ಚಳ್ಳಕೆರೆಯ ಹೆಸರಿನ ಮುಂದೆ ಬಂದರೆ ಸುದ್ದಿ ಮುಖಪುಟಕ್ಕೆ ಏರುತ್ತದೆ, ಕೆರೆ ಕೋಡಿ ಬಿತ್ತೇ ಎಂದು ನೋಡಲು ಜನ ಹೊರಡುತ್ತಾರೆ. ಮಳೆಮಾಪಕದಲ್ಲಿ ನಿಂತ ನೀರಿನ ಎತ್ತರ ಎರಡೂ ಕಡೆ ಒಂದೇ. ದತ್ತಾಂಶವಾಗಿ ಎರಡಕ್ಕೂ ಏನೂ ವ್ಯತ್ಯಾಸವಿಲ್ಲ. ಆಗುಂಬೆಯಲ್ಲಿ ಅಂಥ ದಿನ ನಾಲ್ಕರಲ್ಲೊಂದು, ಚಳ್ಳಕೆರೆಯಲ್ಲಿ ಸಾವಿರದಲ್ಲೊಂದು ಎಂದು ಲೆಕ್ಕದ ಸಲುವಾಗಿ ಇಟ್ಟುಕೊಂಡರೆ, ಶಾನನ್ ಸೂತ್ರದ ಪ್ರಕಾರ ಮೊದಲನೆಯ ಸುದ್ದಿ 2 ಬಿಟ್, ಎರಡನೆಯದು ಹತ್ತಿರಹತ್ತಿರ 10 ಬಿಟ್.

ಹಾಗಾದರೆ ಹೆಚ್ಚು ಅಚ್ಚರಿ ಹುಟ್ಟಿಸಿದ್ದೆಲ್ಲ ಹೆಚ್ಚು ಮಾಹಿತಿಯೇ? ಶಾನನ್ ಈ ಬಲೆಗೆ ಬೀಳಲಿಲ್ಲ. ಸಂದೇಶದ ಅರ್ಥಕ್ಕೂ ತಮ್ಮ ಲೆಕ್ಕಕ್ಕೂ ಸಂಬಂಧವಿಲ್ಲ ಎಂದು ಮೊದಲ ಪುಟದಲ್ಲೇ ಹೇಳಿ ಕೈತೊಳೆದುಕೊಂಡರು. ಅವರ ಸೂತ್ರಕ್ಕೆ ಸಿಕ್ಕಿಸಿದರೆ, ಆಂಟೆನಾ ತಪ್ಪಿದ ಹಳೆಯ ಟಿ.ವಿ.ಯ ಪರದೆ ತುಂಬ ಕುಣಿಯುತ್ತಿದ್ದ ಚುಕ್ಕಿಗಳಿಗೆ ಭರ್ತಿ ಅಂಕ ಸಿಗುತ್ತದೆ. ಮುಂದಿನ ಚುಕ್ಕಿ ಎಲ್ಲಿ ಮೂಡುತ್ತದೆಂದು ಯಾರೂ ಊಹಿಸಲಾರರಲ್ಲ! ಕೆಟ್ಟ ಉಪಕರಣವೂ ಅಷ್ಟೇ, ದಿನಕ್ಕೊಂದು ಅಚ್ಚರಿ ಕೊಡುತ್ತದೆ. ಚಳ್ಳಕೆರೆಯ 110 ನಿಜಕ್ಕೂ 11.0 ಆಗಿದ್ದು, ಬರೆಯುವಾಗ ಚುಕ್ಕಿ ಬಿಟ್ಟುಹೋಗಿರಬಹುದು. ಅದಕ್ಕೇ ಅಚ್ಚರಿ ಕಂಡಾಗ ಬಲ್ಲವರು ಮೊದಲು ಅನುಮಾನಿಸುತ್ತಾರೆ. ಫಾರ್ಮನ್ ಮಾಡಿದ್ದು ಅದನ್ನೇ, ಟಾಮ್ಸ್ ಪ್ರೋಗ್ರಾಂ ಬರೆದವರು ಮಾಡಿದ್ದೂ ಅದನ್ನೇ. ಒಬ್ಬರನ್ನು ಎಚ್ಚರದ ವಿಜ್ಞಾನಿ ಎಂದು ಹೊಗಳಿ, ಇನ್ನೊಬ್ಬರನ್ನು ಕಣ್ಣಿದ್ದೂ ಕುರುಡರು ಎನ್ನುವುದು ಫಲಿತಾಂಶ ಗೊತ್ತಾದ ಮೇಲೆ ಹೇಳುವ ಮಾತು.

ನನಗೆ ಇದಕ್ಕಿಂತ ಕಾಡುವ ಪ್ರಶ್ನೆ ಬೇರೆ. ಚುಕ್ಕಿ ಬಿಟ್ಟುಹೋದದ್ದು ಆಗುಂಬೆಯ ಅಂಕಿಯಲ್ಲಾಗಿದ್ದರೆ? ಅಲ್ಲಿ ಬಿದ್ದದ್ದು 11.0 ಆಗಿದ್ದು, 110 ಎಂದು ದಾಖಲಾಗಿದ್ದರೆ? ಯಾರೂ ಫೋನ್ ಮಾಡುವುದಿಲ್ಲ, ಯಾರೂ ಹಾಳೆ ತಿರುವಿ ನೋಡುವುದಿಲ್ಲ. ತಪ್ಪು ಅಂಕಿ ಸರಾಸರಿಯೊಳಗೆ ಸೇರಿ ಶಾಶ್ವತವಾಗಿ ಅಲ್ಲೇ ಉಳಿಯುತ್ತದೆ. ನಮ್ಮ ಅನುಮಾನವೆಲ್ಲ ಒಂದೇ ದಿಕ್ಕಿಗೆ ಹರಿಯುತ್ತದೆ. ಒಗ್ಗದ ಅಂಕಿಯನ್ನು ನೂರು ಸಲ ಪ್ರಶ್ನಿಸುತ್ತೇವೆ, ಒಗ್ಗುವ ಅಂಕಿಗೆ ಗುರುತಿನ ಚೀಟಿಯನ್ನೂ ಕೇಳುವುದಿಲ್ಲ. ದಕ್ಷಿಣ ಧ್ರುವದ 300 ಒಳಗೆ ಬಂದದ್ದು ಈ ಬಾಗಿಲಿನಿಂದ. ಅದು 150 ಎಂದಿದ್ದರೆ ಯಾರೋ ಒಬ್ಬರು ತರಂಗಾಂತರದ ಸೆಟ್ಟಿಂಗ್ ಅನ್ನು ಅಂದೇ ಪರೀಕ್ಷಿಸಿರುತ್ತಿದ್ದರು.

ಜಪಾನಿನ ಶಿಗೆರು ಚುಬಾಚಿ ಅವರ ಹೆಸರನ್ನು ಇಲ್ಲಿ ಹೇಳದೆ ಮುಂದೆ ಹೋಗಬಾರದು. ಅಂಟಾರ್ಕ್ಟಿಕಾದ ಸ್ಯೋವಾ ಕೇಂದ್ರದಲ್ಲಿ 1982ರ ವಸಂತದಲ್ಲಿ ಓಝೋನ್ ಅಸಹಜವಾಗಿ ಕುಸಿದದ್ದನ್ನು ಅವರು ಅಳೆದಿದ್ದರು, 1984ರಲ್ಲಿ ಗ್ರೀಸಿನ ಸಮ್ಮೇಳನವೊಂದರಲ್ಲಿ ಹೇಳಿಯೂ ಇದ್ದರು. ಯಾರೂ ತಲೆಯೆತ್ತಿ ನೋಡಲಿಲ್ಲ. ಅವರು ವಿವರವಾಗಿ ಮುಂದಿಟ್ಟದ್ದು ಒಂದು ವರ್ಷದ ಅಳತೆ. ಫಾರ್ಮನ್ ತಂಡದ ಕೈಯಲ್ಲಿದ್ದದ್ದು ಕಾಲು ಶತಮಾನಕ್ಕೂ ಮೀರಿದ ಸಾಲು, ಜೊತೆಗೆ ಸಿಎಫ್‌ಸಿಗಳತ್ತ ಬೊಟ್ಟು ಮಾಡುವ ಒಂದು ವಾದ. 1957ರಿಂದ ಹ್ಯಾಲಿಯಲ್ಲಿ ವರ್ಷದಿಂದ ವರ್ಷಕ್ಕೆ ‘300, ವಿಶೇಷವೇನಿಲ್ಲ’ ಎಂದು ಬರೆದಿಟ್ಟವರ ಸಪ್ಪೆ ಹಾಳೆಗಳು ಇಲ್ಲದಿದ್ದರೆ 1984ರ 200 ಯಾವುದಕ್ಕಿಂತ ಕಡಿಮೆ ಎಂದು ಹೇಳಲು ಬರುತ್ತಿರಲಿಲ್ಲ. ಇಂಥ ನಿತ್ಯದ ಅಳತೆಗಳಿಗೆ ಹಣ ಕೊಡಲು ಯಾವ ಸರ್ಕಾರಕ್ಕೂ ಉತ್ಸಾಹವಿರುವುದಿಲ್ಲ. ಮೂವತ್ತು ವರ್ಷ ಅಳೆದು ಏನು ಕಂಡುಹಿಡಿದಿರಿ ಎಂಬ ಪ್ರಶ್ನೆಗೆ ಮೂವತ್ತನೆಯ ವರ್ಷದವರೆಗೂ ಉತ್ತರ ಇರುವುದಿಲ್ಲ.

*

ಸಪ್ಪೆ ಅಂಕಿಗಳನ್ನು ಬದಿಗಿಟ್ಟದ್ದಕ್ಕೆ ತೆತ್ತ ಬೆಲೆ ಎಂಥದ್ದಿರಬಹುದು ಎಂಬುದಕ್ಕೆ ಫಾರ್ಮನ್ ಪ್ರಬಂಧ ಬಂದ ಮರುವರ್ಷದ್ದೇ ಒಂದು ಉದಾಹರಣೆ ಇದೆ. 1986ರ ಜನವರಿ 27ರ ಸಂಜೆ, ಚಾಲೆಂಜರ್ ಬಾಹ್ಯಾಕಾಶ ನೌಕೆಯ ರಾಕೆಟ್ ತಯಾರಿಸಿದ್ದ ಮಾರ್ಟನ್ ಥಯೋಕೋಲ್ ಕಂಪನಿಯ ಎಂಜಿನಿಯರುಗಳು ನಾಸಾದವರೊಂದಿಗೆ ಫೋನಿನಲ್ಲಿ ಗಂಟೆಗಟ್ಟಲೆ ವಾದಿಸಿದರು. ಮರುದಿನ ಬೆಳಿಗ್ಗೆ ಫ್ಲಾರಿಡಾದಲ್ಲಿ ಉಷ್ಣತೆ ಸೊನ್ನೆ ಡಿಗ್ರಿಯ ಹತ್ತಿರ ಇಳಿಯಲಿತ್ತು. ರಾಕೆಟ್ಟಿನ ಭಾಗಗಳು ಕೂಡುವಲ್ಲಿ ಬಿಸಿ ಅನಿಲ ಸೋರದಂತೆ ತಡೆಯುವ ರಬ್ಬರ್ ಬಳೆಗಳು ಚಳಿಗೆ ಪೆಡಸಾಗುತ್ತವೆ ಎಂಬುದು ರೋಜರ್ ಬಾಯ್ಸ್‌ಜೋಲಿ ಮತ್ತು ಅವರ ಸಂಗಡಿಗರ ಭಯ.

ಅವರ ಭಯ ನಿಜವಾಗಿತ್ತು. ಪುರಾವೆ ಜೋಡಿಸಿದ ರೀತಿ ಸೋತಿತು. ಹಿಂದಿನ ಹಾರಾಟಗಳಲ್ಲಿ ಬಳೆಗೆ ಪೆಟ್ಟಾದವುಗಳು ಯಾವುವು, ಅಂದಿನ ಉಷ್ಣತೆ ಎಷ್ಟು ಎಂಬುದರ ಮೇಲೆ ಚರ್ಚೆ ನಡೆಯಿತು. ಅತಿ ಹೆಚ್ಚು ಪೆಟ್ಟಾದದ್ದು ಸುಮಾರು 12 ಡಿಗ್ರಿಯಲ್ಲಿ. ಆದರೆ 24 ಡಿಗ್ರಿಯ ಬೆಚ್ಚಗಿನ ದಿನವೂ ಒಮ್ಮೆ ಪೆಟ್ಟಾಗಿತ್ತು. ಚಳಿಯಲ್ಲೂ ಆಗಿದೆ, ಸೆಕೆಯಲ್ಲೂ ಆಗಿದೆ, ಹಾಗಾದರೆ ಚಳಿಗೂ ಇದಕ್ಕೂ ಏನು ಸಂಬಂಧ? ಈ ತರ್ಕದ ಮುಂದೆ ಎಂಜಿನಿಯರುಗಳ ಬಳಿ ಗಟ್ಟಿ ಉತ್ತರವಿರಲಿಲ್ಲ. ಏನೂ ಆಗದೆ ಮುಗಿದ ಹಾರಾಟಗಳನ್ನು ಯಾರೂ ಮೇಜಿನ ಮೇಲೆ ತಂದಿರಲಿಲ್ಲ. ಏನೂ ಆಗದ್ದರಲ್ಲಿ ನೋಡುವುದೇನಿದೆ ಎಂದು ಅನ್ನಿಸುವುದು ಸಹಜವೇ. ಅವನ್ನೂ ಸೇರಿಸಿ ನೋಡಿದ್ದು ದುರಂತದ ನಂತರ ನೇಮಕವಾದ ರೋಜರ್ಸ್ ಆಯೋಗ. ಸುಮಾರು 19 ಡಿಗ್ರಿ ಮತ್ತು ಅದಕ್ಕಿಂತ ಬೆಚ್ಚಗಿದ್ದ 20 ಹಾರಾಟಗಳಲ್ಲಿ ಪೆಟ್ಟಾದದ್ದು ಮೂರರಲ್ಲಿ. ಸುಮಾರು 17 ಡಿಗ್ರಿ ಮತ್ತು ಅದಕ್ಕಿಂತ ತಣ್ಣಗಿದ್ದ ಹಾರಾಟಗಳು ನಾಲ್ಕು. ನಾಲ್ಕರಲ್ಲೂ ಪೆಟ್ಟಾಗಿತ್ತು. ಇಷ್ಟನ್ನು ಒಂದು ಹಾಳೆಯ ಮೇಲೆ ಚುಕ್ಕಿಗಳಾಗಿ ಇಟ್ಟಿದ್ದರೆ ಹೈಸ್ಕೂಲ್ ಹುಡುಗರೂ ಓದಬಹುದಿತ್ತು. ಜನವರಿ 28ರಂದು ಉಡಾವಣೆಯಾದ 73 ಸೆಕೆಂಡುಗಳಿಗೆ ಚಾಲೆಂಜರ್ ಒಡೆದು ಏಳು ಮಂದಿ ಸತ್ತರು.

ಒಂದು ಚಿತ್ರ ಇದ್ದಿದ್ದರೆ ಆ ರಾತ್ರಿಯ ತೀರ್ಮಾನ ಖಂಡಿತ ಬದಲಾಗುತ್ತಿತ್ತು ಎಂದು ಹೇಳುವವರಿದ್ದಾರೆ. ನಾನು ಅಷ್ಟು ದೂರ ಹೋಗಲಾರೆ. ಆ ಸಭೆಯಲ್ಲಿ ವೇಳಾಪಟ್ಟಿಯ ಒತ್ತಡ, ಮೇಲಧಿಕಾರಿಗಳ ಮರ್ಜಿ ಎಲ್ಲ ಇದ್ದವು.

*

ಓಝೋನಿಗೆ ಮರಳೋಣ, ಅದರ ಕತೆ ಇನ್ನೂ ಸ್ವಲ್ಪ ಬಾಕಿ ಇದೆ. ಧ್ರುವದ ಚಳಿಗಾಲದಲ್ಲಿ ಮೇಲೆ ಬಲು ಎತ್ತರದಲ್ಲಿ ಹುಟ್ಟುವ ಹಿಮಕಣಗಳ ಮೋಡಗಳ ಮೇಲ್ಮೈಯಲ್ಲಿ ಸಿಎಫ್‌ಸಿಗಳ ಕ್ಲೋರಿನ್ ಚುರುಕಾಗುತ್ತದೆ, ವಸಂತದ ಮೊದಲ ಬಿಸಿಲು ತಾಗಿದೊಡನೆ ಓಝೋನನ್ನು ತಿನ್ನತೊಡಗುತ್ತದೆ ಎಂಬುದನ್ನು ಸೂಸನ್ ಸಾಲೊಮನ್ ಮತ್ತಿತರರು ಬಿಡಿಸಿಟ್ಟರು. 1987ರ ಸೆಪ್ಟೆಂಬರ್ 16ರಂದು ಮಾಂಟ್ರಿಯಲ್ ಒಪ್ಪಂದಕ್ಕೆ ಸಹಿ ಬಿತ್ತು. ಸಿಎಫ್‌ಸಿಗಳ ಉತ್ಪಾದನೆ ಹಂತಹಂತವಾಗಿ ನಿಂತಿತು. ಅವುಗಳ ಪೈಕಿ ಫೋಮ್ ತಯಾರಿಕೆಯಲ್ಲಿ ಹೆಚ್ಚು ಬಳಕೆಯಲ್ಲಿದ್ದ ಸಿಎಫ್‌ಸಿ-11ರ ತಯಾರಿಕೆಗೆ 2010ರ ಹೊತ್ತಿಗೆ ಜಗತ್ತಿನಾದ್ಯಂತ ಕಡಿವಾಣ ಬಿದ್ದಿತ್ತು. ವಾತಾವರಣದಲ್ಲಿ ಅದರ ಪ್ರಮಾಣ ವರ್ಷವರ್ಷವೂ ಇಳಿಯುತ್ತಿತ್ತು.

2018ರ ಮೇ ತಿಂಗಳಲ್ಲಿ ಅಮೆರಿಕದ ‘ನೋವಾ’ ಸಂಸ್ಥೆಯ ಸ್ಟೀಫನ್ ಮಾಂಟ್ಸ್ಕಾ ಮತ್ತು ಸಂಗಡಿಗರು ಒಂದು ವಿಚಿತ್ರ ವರದಿ ಕೊಟ್ಟರು. ಸಿಎಫ್‌ಸಿ-11 ಇಳಿಯುತ್ತಲೇ ಇದೆ, ಆದರೆ 2012ರ ನಂತರ ಇಳಿಯುವ ವೇಗ ಅರ್ಧದಷ್ಟಾಗಿದೆ. ಗ್ರಾಫಿನ ಗೆರೆ ಮೇಲೇರಿಲ್ಲ, ನಿಂತೂ ಇಲ್ಲ. ಇಳಿಯಬೇಕಾದಷ್ಟು ಇಳಿಯುತ್ತಿಲ್ಲ, ಅಷ್ಟೇ. ಯಾವ ಅಂಕಿಯೂ ಯಾವ ಎಲ್ಲೆಯನ್ನೂ ದಾಟಿರಲಿಲ್ಲವಾದ್ದರಿಂದ, ಯಾವ ಪ್ರೋಗ್ರಾಮಿನ ಗೆರೆಗೂ ಅದು ಸಿಕ್ಕಿಬೀಳುವಂತಿರಲಿಲ್ಲ. ಎಷ್ಟು ಇಳಿಯಬೇಕಿತ್ತು ಎಂಬ ಲೆಕ್ಕ ತಲೆಯಲ್ಲಿದ್ದವರಿಗೆ ಮಾತ್ರ ಅದು ಕಾಣುವಂಥದ್ದು. ಗಾಳಿಯ ಸಂಚಾರವೇ ಬದಲಾಗಿರಬಹುದೇ ಎಂದು ಅವರು ತೂಗಿ ನೋಡಿದರು. ಉತ್ತರ ಗೋಳಾರ್ಧಕ್ಕೂ ದಕ್ಷಿಣ ಗೋಳಾರ್ಧಕ್ಕೂ ನಡುವಿನ ವ್ಯತ್ಯಾಸ ಅದೇ ಅವಧಿಯಲ್ಲಿ ಹಿಗ್ಗಿತ್ತು. ಎಲ್ಲೋ ಉತ್ತರದಲ್ಲಿ ಯಾರೋ ಹೊಸದಾಗಿ ಅನಿಲ ಬಿಡುತ್ತಿದ್ದಾರೆ ಎಂಬುದಕ್ಕೆ ಅದು ಸುಳಿವು.

ಮರುವರ್ಷ ದಕ್ಷಿಣ ಕೊರಿಯಾದ ಗೊಸಾನ್ ಮತ್ತು ಜಪಾನಿನ ಹತೆರುಮಾ ದ್ವೀಪದ ಮಾಪನ ಕೇಂದ್ರಗಳ ಅಂಕಿಗಳನ್ನು ಗಾಳಿ ಬೀಸಿದ ದಿಕ್ಕಿನೊಂದಿಗೆ ಹೊಂದಿಸಿ ನೋಡಿದ ಇನ್ನೊಂದು ತಂಡ, ಹೆಚ್ಚಳದ ದೊಡ್ಡ ಪಾಲು ಪೂರ್ವ ಚೀನಾದ್ದು, ಅದರಲ್ಲೂ ಶಾಂಡಾಂಗ್ ಮತ್ತು ಹೆಬೇ ಪ್ರಾಂತ್ಯಗಳ ಸುತ್ತಿನದು ಎಂದು ತೋರಿಸಿತು. ದೇಶಗಳು ಒಪ್ಪಂದದ ಪ್ರಕಾರ ವರ್ಷವರ್ಷ ಸಲ್ಲಿಸುತ್ತಿದ್ದ ವರದಿಗಳಲ್ಲಿ ಸಿಎಫ್‌ಸಿ-11ರ ಉತ್ಪಾದನೆ ಅಷ್ಟೂ ಕಾಲ ಸೊನ್ನೆಗೆ ಅಂಟಿಕೊಂಡೇ ಇತ್ತು. ಎಲ್ಲರಿಗೂ ಒಗ್ಗುವ ಅಂಕಿ. 2019ರ ಅಳತೆಗಳು ಕೈಗೆ ಬಂದಾಗ ಹೊರಬರುತ್ತಿದ್ದ ಅನಿಲ 2012ಕ್ಕೆ ಮುಂಚಿನ ಮಟ್ಟಕ್ಕೆ ಇಳಿದಿತ್ತು.